ಮೂರನೇ ಮನೆಯವರು ಸೀನಬೇಕು

ಮೊನ್ನೆ ಕೋಲಾರದ ಕೊರಿಯರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಒಳಗಡೆ ಏನೋ ಧೊಪ್ಪೆಂದು ಬಿತ್ತು. ತಕ್ಕಡಿಯ ಹಿಂದೆ ಕೂತಿದ್ದ ಅಂಗಡಿಯವನು ಸೀನಿದ. ಅವನ ಪಕ್ಕ ವಿಳಾಸದ ಚೀಟಿ ಅಂಟಿಸುತ್ತಿದ್ದ ಹೆಂಗಸು ಸೀನಿದಳು. ಸಾಲಿನಲ್ಲಿ ನನ್ನ ಮುಂದೆ ಇದ್ದ ಮೇಷ್ಟ್ರೊಬ್ಬರು ಕರವಸ್ತ್ರ ಹುಡುಕುವಷ್ಟರಲ್ಲಿ ಮೂರು ಸಲ ಸೀನಿ ಕನ್ನಡಕ ಬೀಳಿಸಿಕೊಂಡರು.

"ಯಾರ್ದ್ರೀ ಇದು ಡಬ್ಬಿ? ಏನ್ ಹಾಕಿದ್ದೀರಾ ಇದ್ರೊಳಗೆ, ಬಾಂಬಾ?" ಎಂದು ಅಂಗಡಿಯವನು ಕಣ್ಣೊರೆಸಿಕೊಳ್ಳುತ್ತಾ ಕೂಗಿದ.

ಹಸಿ ಸಾಸಿವೆ ಪುಡಿ, ಗುಂಟೂರು ಮೆಣಸಿನಕಾಯಿ, ಸ್ವಲ್ಪ ಮೆಂತ್ಯ. ಆ ಘಾಟು ನನ್ನ ಮೂಗಿಗೂ ಬಂತು. ನಾನು ಸೀನಲಿಲ್ಲ, ಅದರಲ್ಲೇ ಹುಟ್ಟಿ ಬೆಳೆದವಳು. ಆದರೆ ಮೇಷ್ಟ್ರ ಬೆನ್ನ ಹಿಂದೆ ಮರೆಯಾಗಿ ನಿಂತುಕೊಂಡೆ. ಹಾಗೆ ನಿಂತವಳಿಗೆ ಆ ಬೇಸಿಗೆ ನೆನಪಾಯಿತು, ನಾನು ಆನ್‌ಲೈನ್ ವ್ಯಾಪಾರ ಮಾಡಲು ಹೊರಟು ಮನೆಯ ಬೆಳೆಗೇ ಸಂಚಕಾರ ತಂದ ಬೇಸಿಗೆ.

ಆ ವರ್ಷದ ಯುಗಾದಿಗೆ ಸರಿಯಾಗಿ ನನ್ನ ಕೆಲಸ ಹೋಗಿತ್ತು. ವೇಮಗಲ್‌ನ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯ ಉಸ್ತುವಾರಿ ನನ್ನದು. ಹೊಸ ಗುತ್ತಿಗೆದಾರ ಬಂದ. ಸಾಂಬಾರಿಗೆ ಇನ್ನೆರಡು ಕೊಡ ನೀರು ಹಾಕಿ ಎಂದ. ಹಾಕಿದರೆ ಅದು ಸಾಂಬಾರಲ್ಲ, ಸ್ನಾನಕ್ಕೆ ಆಗುತ್ತೆ ಅಂದೆ. ನಾಳೆಯಿಂದ ಬರಬೇಡಿ ಎಂದ. ಹನ್ನೊಂದು ವರ್ಷದ ಕೆಲಸ ಎರಡು ಕೊಡ ನೀರಿನಲ್ಲಿ ಮುಳುಗಿತು. ಹುತ್ತೂರಿನ ಹತ್ತಿರದ ನಮ್ಮೂರಿಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತುಬಿಟ್ಟೆ. ಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಐವತ್ತರ ಹೊಸ್ತಿಲಲ್ಲಿ ನಾನಿನ್ನು ಯಾರಿಗೂ ಬೇಡದವಳು ಅನ್ನಿಸಿತ್ತು.

ಮನೆಯಲ್ಲಿ ನನ್ನ ತಾಯಿಯ ಉಪ್ಪಿನಕಾಯಿ ಜಾಡಿ ಇತ್ತು. ನನ್ನ ತವರು ಯಲ್ದೂರು, ತೋಟದ ನಡುವಿನ ಮನೆ. ಅಮ್ಮ ವೆಂಕಟಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಒಡವೆಯನ್ನು ಅತ್ತಿಗೆಯರು ಹಂಚಿಕೊಂಡರು, ನಾನು ಜಾಡಿ ಹೊತ್ತುಕೊಂಡು ಬಂದೆ. ಅಮ್ಮನ ಮಾವಿನಕಾಯಿ ಉಪ್ಪಿನಕಾಯಿಗೆ ಅಳತೆ ಎಂಬುದೇ ಇರಲಿಲ್ಲ. ಒರಳಲ್ಲಿ ಸಾಸಿವೆ ಕುಟ್ಟುತ್ತಾ ತೆಲುಗಿನಲ್ಲಿ "ಮೂಡೋ ಇಂಟೋಳ್ಳು ತುಮ್ಮಾಲ" ಅನ್ನುತ್ತಿದ್ದಳು. ಮೂರನೇ ಮನೆಯವರು ಸೀನಬೇಕು, ಆಗ ಸಾಸಿವೆ ಹದಕ್ಕೆ ಬಂದ ಲೆಕ್ಕ. ಅಕ್ಕಪಕ್ಕದವರು ಸೀನಿದರೆ ಸಾಲದು, ಅವರು ನಮ್ಮ ಮೇಲಿನ ಹೊಟ್ಟೆಕಿಚ್ಚಿಗೂ ಸೀನಬಹುದು ಎಂಬುದು ಅವಳ ವಾದ.

ಆ ಉಪ್ಪಿನಕಾಯಿಯನ್ನು ಅಮ್ಮನ ಹೆಸರಿನಲ್ಲೇ ಮಾರಬೇಕು ಎಂದು ನನಗೆ ಹುಚ್ಚು ಹಿಡಿಯಿತು. ಸಹಾಯಕ್ಕೆ ಬಂದವಳು ನನ್ನ ಅಕ್ಕನ ಮಗಳು ಸುಪ್ರಿಯಾ. ಶ್ರೀನಿವಾಸಪುರದ ಹುಡುಗಿ, ಕೋಲಾರದಲ್ಲಿ ಬಿಸಿನೆಸ್ ಓದಿದವಳು. ಬಂದವಳೇ ಜಗಲಿಯ ಮೇಲೆ ನೋಟ್‌ಬುಕ್ ತೆಗೆದು ಕೂತಳು.

"ಚಿಕ್ಕಮ್ಮ, ಮೊದ್ಲು ಒಂದು ಡಿಸೈಡ್ ಮಾಡು. ನಿಂಗೆ ಪ್ಯಾಷನ್ ಮುಖ್ಯಾನಾ, ಪ್ರಾಫಿಟ್ ಮುಖ್ಯಾನಾ?"

ಬಾಗಿಲಲ್ಲಿ ಅವರೆಕಾಳು ಆರಿಸುತ್ತಿದ್ದ ನಮ್ಮತ್ತೆ ಮುನಿಯಮ್ಮ ತಲೆ ಎತ್ತಿದರು. "ಐವತ್ತು ವರ್ಷಕ್ಕೆ ಫ್ಯಾಷನ್ ಏನಕ್ಕೇ ಇವಳಿಗೆ? ಇನ್ನೊಂದೇನೋ ಅಂದ್ಯಲ್ಲ, ಅದೇ ಇರ್ಲಿ ಬಿಡು."

"ಫ್ಯಾಷನ್ ಅಲ್ಲಜ್ಜಿ, ಪ್ಯಾಷನ್. ಮನಸ್ಸಿಗೆ ಇಷ್ಟ ಆಗಿದ್ದನ್ನ ಮಾಡೋದು."

"ಓ, ಅದಾ! ಹಂಗಂದ್ರೆ ನಾನು ಮಲಗ್ಬೇಕು ಅಂತ ನಲವತ್ತು ವರ್ಷದಿಂದ ಅಂದ್ಕೊಂಡಿದ್ದೀನಿ, ಈ ಹುಳ ಬಿಟ್ರೆ ತಾನೇ," ಎಂದು ಅತ್ತೆ ಮತ್ತೆ ಕಾಳಿಗೆ ತಿರುಗಿದರು.

ಹುಳ ಎಂದರೆ ರೇಷ್ಮೆ ಹುಳ. ನಮ್ಮ ಮನೆಯ ಹಿಂದೆಯೇ ಹುಳದ ಮನೆ. ಹುಳ ಇರುವಷ್ಟು ದಿನ ಅತ್ತೆಯದೇ ಸರ್ಕಾರ. ರೇಷ್ಮೆ ಹುಳಕ್ಕೆ ವಾಸನೆ ಆಗದು. ಊದುಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ, ಮೆಣಸಿನಕಾಯಿ ಒಗ್ಗರಣೆ ಅಂತೂ ಕನಸಿನಲ್ಲೂ ಇಲ್ಲ. ಅಂಥ ಮನೆಯಲ್ಲಿ ನಾನು ಸಾಸಿವೆ ಕುಟ್ಟಲು ಹೊರಟಿದ್ದೆ. ಕೊನೆಗೆ ಅತ್ತೆ ಒಂದು ಒಪ್ಪಂದಕ್ಕೆ ಬಂದರು. ಹುಳದ ಮನೆ ಖಾಲಿ ಇದ್ದಾಗ ಮನೆಯಲ್ಲಿ ಕುಟ್ಟಬಹುದು. ಹುಳ ಬಂದ ಮೇಲೆ ತೋಟದ ಆಚೆ ತುದಿಯ ಪಂಪ್‌ಸೆಟ್ ಮನೆಗೆ ಹೋಗಬೇಕು, ವಾಪಸ್ ಬರುವಾಗ ಸ್ನಾನ ಮಾಡಿಕೊಂಡು ಬರಬೇಕು. ಹುಳ ಬೆಳೆದು ನಿಂತ ಕೊನೆಯ ವಾರದಲ್ಲಿ ಅದೂ ಇಲ್ಲ.

ಮೊದಲ ಜಾಡಿ ಊರಿ ಬಂದಾಗ ಸುಪ್ರಿಯಾ ಬಾಟಲಿಗಳ ಫೋಟೋ ತೆಗೆದಳು. ನಮ್ಮ ಗೋಡೆಯ ಸುಣ್ಣ ಉದುರಿತ್ತು. ಅದು ಕಾಣಬಾರದೆಂದು ಅಟ್ಟದಿಂದ ಒಂದು ಚಂದ್ರಿಕೆ ಇಳಿಸಿ ಹಿಂದೆ ಆನಿಸಿಟ್ಟಳು. ಚಂದ್ರಿಕೆ ನೋಡದವರಿಗೆ ಹೇಳುತ್ತೇನೆ: ಆಳೆತ್ತರದ ಬಿದಿರ ತಟ್ಟಿ, ಅದರ ಮೇಲೆ ಬಿದಿರಿನ ಪಟ್ಟಿಯನ್ನು ಚಕ್ಕುಲಿಯ ಹಾಗೆ ಸುತ್ತುಸುತ್ತಾಗಿ ನಿಲ್ಲಿಸಿರುತ್ತಾರೆ. ಹುಳ ಅದರ ಸಂದಿನಲ್ಲಿ ಕೂತು ಗೂಡು ಕಟ್ಟುತ್ತದೆ. ನಾವು ಆ ವರ್ಷ ಪ್ಲಾಸ್ಟಿಕ್ಕಿನ ಮಡಚುವ ನೇತ್ರಿಕೆಗೆ ಬದಲಾಗಿದ್ದೆವು. ಮಾವನವರ ಕಾಲದ ಚಂದ್ರಿಕೆಗಳೆಲ್ಲ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು.

ಫೋಟೋ ಹಾಕಿದ ದಿನವೇ ಇಪ್ಪತ್ತು ಮೆಸೇಜು ಬಂದವು. ನಾನು ಅಮ್ಮನ ಫೋಟೋಗೆ ಹೂವಿಟ್ಟು ಬಂದು ಓದಲು ಕೂತೆ. ಎಂಟು ಜನ ಉಪ್ಪಿನಕಾಯಿ ಕೇಳಿದ್ದರು. ಮಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಹಿಂದೆ ಇರೋದು ಎಷ್ಟು?

"ಹಿಂದೆ ಇರೋದು ನಮ್ಮನೆ ಗೋಡೆ," ಅಂದೆ ನಾನು.

"ಚಿಕ್ಕಮ್ಮಾ, ಚಂದ್ರಿಕೆ ಕೇಳ್ತಿದ್ದಾರೆ! ಮನೆ ಗೋಡೆಗೆ ಅಲಂಕಾರಕ್ಕೆ!" ಸುಪ್ರಿಯಾ ಕುಣಿದಳು.

ನನಗೆ ಮೈ ಉರಿಯಿತು. ಮದುವೆ ಹೆಣ್ಣು ನೋಡಲು ಬಂದವರು ಪಕ್ಕದಲ್ಲಿದ್ದ ಬೀರು ಚೆನ್ನಾಗಿದೆ ಅಂದರೆ ಹೆಣ್ಣಿನ ತಾಯಿಗೆ ಏನಾಗಬೇಕೋ ಅದೇ ಆಯಿತು. ಚಂದ್ರಿಕೆ ಮಾರುವುದಿಲ್ಲ ಎಂದು ಹಟ ಹಿಡಿದೆ. ಆ ಎಂಟು ಜನಕ್ಕೆ ಬಾಟಲಿ ಕಳಿಸಿದೆ, ಒಡೆಯದಂತೆ ಸುತ್ತಲೂ ರಾಗಿ ಹುಲ್ಲು ತುಂಬಿದೆ. ತಿಂದವರು ಮತ್ತೆ ಕೇಳಿದರು. ಕೋಲಾರದ ವಕೀಲರೊಬ್ಬರ ಹೆಂಡತಿ ಗಾಯತ್ರಿಯವರಂತೂ ತಮ್ಮ ಮಹಿಳಾ ಸಮಾಜಕ್ಕೆಲ್ಲ ಹೇಳಿ ಒಂದೇ ಸಲಕ್ಕೆ ದೊಡ್ಡ ಆರ್ಡರ್ ಕೊಟ್ಟರು. ನಾನು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಬೆಳೆ ಕೊನೆಯ ವಾರಕ್ಕೆ ಬಂದು ಪಂಪ್‌ಸೆಟ್ ಮನೆಯ ಬಾಗಿಲೂ ಮುಚ್ಚಿತು. ಗಿರಾಕಿಗಳಿಗೆ ವಿಷಯ ತಿಳಿಸಬೇಕಲ್ಲ, ಸುಪ್ರಿಯಾ ಊರಲ್ಲಿರಲಿಲ್ಲ. ನಾನೇ ಕೂತು ಎಲ್ಲರಿಗೂ ಅಚ್ಚುಕಟ್ಟಾಗಿ ಬರೆದು ಕಳಿಸಿದೆ:

"ಮಾನ್ಯ ಗ್ರಾಹಕರೇ, ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ ಬಿಟ್ಟಿದೆ. ಹುಳ ಹಣ್ಣಾಗುತ್ತಿವೆ. ಆದ್ದರಿಂದ ಉಪ್ಪಿನಕಾಯಿ ಒಂದು ವಾರ ತಡವಾಗುತ್ತದೆ. ದಯವಿಟ್ಟು ಸಹಕರಿಸಿ."

ಇದರಲ್ಲಿ ಏನು ತಪ್ಪಿದೆ, ನೀವೇ ಹೇಳಿ. ಹುಳ ನಾಲ್ಕು ಸಲ ಮೇವು ಬಿಟ್ಟು ಸುಮ್ಮನಿದ್ದು ಪೊರೆ ಕಳಚುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಕೊನೆಗೆ ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ತಯಾರಾದರೆ ಹಣ್ಣಾಯಿತು ಅನ್ನುತ್ತೇವೆ. ನಮ್ಮ ಕಡೆ ಹಸುಗೂಸಿಗೂ ಗೊತ್ತಿರುವ ಮಾತು. ಆದರೆ ಕೋಲಾರದ ಮಹಿಳಾ ಸಮಾಜದಲ್ಲಿ ರೇಷ್ಮೆ ಉಟ್ಟವರಿದ್ದರೇ ಹೊರತು ರೇಷ್ಮೆ ಸಾಕಿದವರು ಒಬ್ಬರೂ ಇರಲಿಲ್ಲ.

ಗಾಯತ್ರಿಯವರ ಫೋನು ಬಂತು. "ಏನ್ರೀ ಶಾರದಮ್ಮ, ನಾಲ್ಕು ಸಲ ಜ್ವರ ಬಂದಿರೋ ಮನೇಲಿ ಉಪ್ಪಿನಕಾಯಿ ಹಾಕ್ತಿದ್ದೀರಾ? ಅದೂ ಹುಳ ಬಿದ್ದಿರೋ ಹಣ್ಣಲ್ಲಿ?"

"ಅಯ್ಯೋ, ಹಣ್ಣಲ್ಲಿ ಹುಳ ಅಲ್ಲಮ್ಮ, ಹುಳಾನೇ ಹಣ್ಣಾಗಿರೋದು!"

"ಅಂದ್ರೆ ಬರೀ ಹುಳಾನಾ?"

"ರೇಷ್ಮೆ ಹುಳ ಅಮ್ಮಾ, ಒಳ್ಳೇ ಹುಳ!"

ಆ ಕಡೆ ಫೋನು ಇಟ್ಟುಬಿಟ್ಟರು. ಸಂಜೆಯೊಳಗೆ ಮಹಿಳಾ ಸಮಾಜದ ಆರ್ಡರುಗಳೆಲ್ಲ ರದ್ದಾದವು. "ಒಳ್ಳೇ ಹುಳ" ಎಂದು ನಾನೇ ಒಪ್ಪಿಕೊಂಡೆನೆಂದು ಸುದ್ದಿ ಮುಳಬಾಗಿಲಿನವರೆಗೂ ಹೋಯಿತು.

ಅಮ್ಮನ ಹೆಸರು ಬರೆದ ಬಾಟಲಿಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ನನ್ನ ಅಮ್ಮನ ಮರ್ಯಾದೆಯನ್ನು ನನ್ನ ಕೈಯಾರೆ ಕಳೆದೆನಲ್ಲ ಎಂದು ಅವನ್ನೆಲ್ಲ ಗೋಡೆಯ ಕಡೆ ತಿರುಗಿಸಿಟ್ಟೆ. ಊರಿಂದ ಬಂದ ಸುಪ್ರಿಯಾ ಮೆಸೇಜು ಓದಿ ಅರ್ಧ ಗಂಟೆ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, "ಚಿಕ್ಕಮ್ಮ, ಪ್ಯಾಷನ್ ಆಯ್ತಲ್ಲ. ಈಗ ಪ್ರಾಫಿಟ್ ನೋಡೋಣ," ಅಂದಳು.

ಸೋತವಳು ಏನು ಮಾಡುತ್ತಾಳೆ, ಹೂಂ ಅಂದೆ. ಚಂದ್ರಿಕೆಗಳು ಅಟ್ಟದಿಂದ ಇಳಿಯತೊಡಗಿದವು. ಆಳೆತ್ತರದ ಸಾಮಾನು ನೋಡಿ ಕೊರಿಯರ್‌ನವರು ಕೈ ಮುಗಿದರು, ಹಾಗಾಗಿ ಗೂಡ್ಸ್ ಆಟೋ ಹೋಗುವಷ್ಟು ದೂರವೇ ನಮ್ಮ ಮಾರುಕಟ್ಟೆ. ಮಾಲೂರಿನ ಸೀರೆ ಅಂಗಡಿಗೆ ನಾಲ್ಕು ಹೋದವು. ಮುಳಬಾಗಿಲಿನ ಹೋಟೆಲ್ಲಿನವರು ಆರು ಒಯ್ದರು. ಉಪ್ಪಿನಕಾಯಿ ಬೇಡವೆಂದ ಗಾಯತ್ರಿಯವರೇ ಎರಡು ಚಂದ್ರಿಕೆ ತರಿಸಿಕೊಂಡರು, ಅದರಲ್ಲಿ ಹುಳ ಓಡಾಡಿದ್ದು ಅವರಿಗೆ ಗೊತ್ತಾಗಲಿಲ್ಲ. ಉಳಿದುಹೋದ ಬಾಟಲಿಗಳನ್ನು ನೋಡಲಾರದೆ, ಕೊಂಡವರಿಗೆಲ್ಲ ಒಂದೊಂದನ್ನು ಪುಕ್ಕಟೆ ಕಟ್ಟಿ ಕಳಿಸಿದೆ. ಸುಪ್ರಿಯಾ ಮಾತ್ರ ದಿನಕ್ಕೊಂದು ಉಪಾಯ ತಂದಳು. ಚಿನ್ನದ ಬಣ್ಣ ಸ್ಪ್ರೇ ಮಾಡಿದರೆ ಬೆಲೆ ಇನ್ನೂ ಜಾಸ್ತಿ ಎಂದಳು. ಅದೂ ನಿಜವಾಯಿತು. ನಮ್ಮವು ಮುಗಿದ ಮೇಲೆ ಊರಿನ ಮನೆಮನೆಗೆ ಹೋಗಿ ಹಳೆಯ ಚಂದ್ರಿಕೆ ಕೊಂಡು ತಂದೆ. ಬೇಡದ್ದು ಮಾರಿದೆವೆಂದು ಅವರಿಗೂ ಖುಷಿ.

ನಮ್ಮ ಮನೆಯವರಿಗೆ "ಒಂದಷ್ಟು ಮಾರಿದೀನಿ" ಎಂದಷ್ಟೇ ಹೇಳಿದ್ದೆ. ಅಷ್ಟು ಅಂದರೆ ಎಷ್ಟು ಎಂದು ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮೇ ಕೊನೆಗೆ ಒಳ್ಳೆಯ ಮಳೆ ಬಿತ್ತು. ಹಿಪ್ಪುನೇರಳೆ ಸೊಪ್ಪು ನುಗ್ಗಿ ಬಂತು. ಸೊಪ್ಪಿನ ಸೊಗಸು ನೋಡಿ ನಮ್ಮ ಮನೆಯವರು ಯಾವಾಗಲೂ ತರುವ ನೂರು ಮೊಟ್ಟೆಯ ಹುಳದ ಬದಲು ಇನ್ನೂರು ಮೊಟ್ಟೆಯದು ತಂದರು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಏನಿಲ್ಲವೆಂದರೂ ನಾನೂರು ಹುಳ. ನೇತ್ರಿಕೆ ನೂರಕ್ಕೆ ಸಾಕು, ಮಿಕ್ಕಿದ್ದಕ್ಕೆ ಅಟ್ಟದ ಚಂದ್ರಿಕೆ ಇದೆಯಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಅವರು ನನಗೆ ಹೇಳಿರಲಿಲ್ಲ. ನಾವಿಬ್ಬರೂ ಮೂವತ್ತು ವರ್ಷದಿಂದ ಹೀಗೆಯೇ ಸಂಸಾರ ಮಾಡಿದ್ದೇವೆ.

ಹುಳ ಹಣ್ಣಾದ ದಿನ ಬೆಳಗ್ಗೆ ಏಣಿ ಹಾಕಿ ಅಟ್ಟ ಹತ್ತಿದವರು ಬಹಳ ಹೊತ್ತು ಇಳಿಯಲಿಲ್ಲ.

"ಶಾರದಾ, ಮಿಕ್ಕ ಚಂದ್ರಿಕೆ ಎಲ್ಲಿ?"

"ಇಲಿ ಗಿಲಿ ತಿಂತೇನೋ ರೀ."

"ಮೂವತ್ತು ಚಂದ್ರಿಕೆ ತಿಂದ ಇಲಿ ಎಲ್ಲಿದೆ ತೋರ್ಸು, ಕಾಲಿಗೆ ಬಿದ್ದು ಬರ್ತೀನಿ."

ಬಾಡಿಗೆಗೆ ತರುತ್ತೇನೆಂದು ಬೈಕ್ ಹತ್ತಿ ಹೋದರು. ನಮ್ಮ ಕಡೆ ಚಂದ್ರಿಕೆ ಬಾಡಿಗೆಗೆ ಕೊಟ್ಟು ತರುವುದು ರೂಢಿ. ಹೊರಟವರ ಬೆನ್ನು ನೋಡುತ್ತಾ ನಿಂತೆ. ಅವರು ಹೋಗುವ ಒಂದೊಂದು ಮನೆಯಲ್ಲೂ ಏನು ಉತ್ತರ ಸಿಗುತ್ತದೆಂದು ನನಗೊಬ್ಬಳಿಗೇ ಗೊತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದರು. ಹೆಲ್ಮೆಟ್ ತೆಗೆಯದೆ ಅಂಗಳದಲ್ಲಿ ನಿಂತರು.

"ಹೋದ್ ಕಡೆಯೆಲ್ಲ ಒಂದೇ ಮಾತು ಕಣೇ. ನಿಮ್ಮ ಮನೆಯವ್ರೇ ತಗೊಂಡು ಹೋದ್ರಲ್ಲ ಅಂತಾರೆ. ಯಾವ ಮನೆಯವ್ರು? ಯಾರು ಮಾರಿದ್ದು?"

ಅತ್ತೆ ಹುಳದ ಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಅಂದೇ ಚಂದ್ರಿಕೆಗೆ ಬಿಡದಿದ್ದರೆ ಗೋಡೆ, ನೆಲ, ಸೊಪ್ಪಿನ ಕಡ್ಡಿ ಎಂದು ಕಂಡಕಂಡಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಅರ್ಧ ಬೆಳೆ, ಮನೆಮಂದಿಯ ದುಡಿಮೆ, ನನ್ನ ಬಾಯಿಯನ್ನೇ ನೋಡುತ್ತಿತ್ತು.

"ನಾನೇ," ಅಂದೆ. "ಎಲ್ಲಾ ಮಾರಿದ್ದು ನಾನೇ. ಊರವರದ್ದೂ ನಾನೇ ಮಾರಿದ್ದು."

ಬೈಯುತ್ತಾರೆಂದು ಕಾದೆ. ನಮ್ಮ ಮನೆಯವರು ಬೈಯಲು ಬಾಯಿ ತೆರೆದಿದ್ದರು ಕೂಡ. ಅತ್ತೆ ಅಡ್ಡ ಬಂದರು. "ಬೈಯೋದು ನಾಳೆ ಬೈಕೋ ಕಣೋ, ಅದೇನು ಹಣ್ಣಾಗಿ ಉದುರೋಗಲ್ಲ. ಲೇ ಸುಪ್ರಿಯಾ, ಆ ಫೋನಲ್ಲಿ ಮಾರಿದ್ದನ್ನ ಫೋನಲ್ಲೇ ವಾಪಸ್ ಕೇಳೇ!"

ಸುಪ್ರಿಯಾ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ನಿಮ್ಮ ಗೋಡೆಯ ಮೇಲಿನ ಚಂದ್ರಿಕೆ ನಾಲ್ಕು ದಿನದ ಮಟ್ಟಿಗೆ ವಾಪಸ್ ಬೇಕಿತ್ತು ಎಂದು ಕೇಳುವಾಗ ಆ ಹುಡುಗಿಯ ಮುಖ ನೋಡಬೇಕಿತ್ತು. ಬಿಸಿನೆಸ್ ಪುಸ್ತಕದಲ್ಲಿ ಅಂಥ ಪಾಠ ಇರಲಿಲ್ಲ. ಯಾರೂ ಕೊಡುವುದಿಲ್ಲ ಎಂದುಕೊಂಡು ನಾನು ಪಕ್ಕದಲ್ಲಿ ಕೂತು ಕಿವಿ ಕೊಟ್ಟೆ.

"ಕೊಡೋಣಮ್ಮ, ಅದಕ್ಕೇನಂತೆ," ಎಂದರು ಮುಳಬಾಗಿಲಿನ ಹೋಟೆಲ್ಲಿನವರು. "ಆದ್ರೆ ಒಂದು ಕಂಡೀಷನ್. ಅದರ ಜೊತೇಲಿ ಒಂದು ಉಪ್ಪಿನಕಾಯಿ ಬಾಟ್ಲಿ ಬಂದಿತ್ತಲ್ಲ, ಅದು ಇನ್ನೊಂದೆರಡು ಬೇಕು. ನಮ್ಮ ಭಟ್ಟರು ಗಿರಾಕಿಗೆ ಇಡದೆ ತಾವೇ ತಿಂದು ಮುಗಿಸವ್ರೆ."

ಮಾಲೂರಿನವರೂ ಅದನ್ನೇ ಕೇಳಿದರು. ಶ್ರೀನಿವಾಸಪುರದ ಕಡೆ ಕೊಂಡಿದ್ದವರೂ ಕೇಳಿದರು. ಸುಪ್ರಿಯಾ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿ, "ಚಿಕ್ಕಮ್ಮಾ, ಬಾಟ್ಲಿ ಎಷ್ಟಿದೆ?" ಎಂದು ಪಿಸುಗುಟ್ಟಿದಳು. ನಾನಾಗಲೇ ಎಣಿಸಲು ಎದ್ದಿದ್ದೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯಲ್ಲಿ ಗೂಡ್ಸ್ ಆಟೋಗಳ ಮೆರವಣಿಗೆ. ಮಾಲೂರಿನ ಚಂದ್ರಿಕೆಗಳಿಗೆ ಸೀರೆ ನೇತುಹಾಕುವ ಕೊಕ್ಕೆಗಳು ಹಾಗೇ ಇದ್ದವು. ಮುಳಬಾಗಿಲಿನದ್ದರ ಮೇಲೆ "ಇಂದಿನ ವಿಶೇಷ: ಖಾಲಿ ದೋಸೆ" ಎಂಬ ಬೋರ್ಡು ನೇತಾಡುತ್ತಿತ್ತು. ಅತ್ತೆ ಗೇಟಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದನ್ನೂ ಮೂಸಿ ಒಳಗೆ ಬಿಡುತ್ತಿದ್ದರು. ಚಿನ್ನದ ಬಣ್ಣ ಬಳಿದವನ್ನೆಲ್ಲ ಪೇಂಟ್ ವಾಸನೆ ಎಂದು ಅಲ್ಲಿಂದಲೇ ವಾಪಸ್ ಕಳಿಸಿದರು. ಸುಪ್ರಿಯಾ ಪಾಪ, ತಲೆ ತಗ್ಗಿಸಿ ನಿಂತಿದ್ದಳು.

ಗಾಯತ್ರಿಯವರು ಕಾರಿನ ಮೇಲೆ ಚಂದ್ರಿಕೆ ಕಟ್ಟಿಸಿಕೊಂಡು ತಾವೇ ಬಂದರು. ಅತ್ತೆ ಅವರನ್ನೂ ಮೂಸಿದರು.

"ಸೆಂಟ್ ಹಾಕ್ಕೊಂಡಿದ್ದೀಯಲ್ಲಮ್ಮ. ಅಲ್ಲೇ ನಿಲ್ಲು. ಶಾರದಾ, ತೊಟ್ಟಿ ಹತ್ರ ಕರ್ಕೊಂಡ್ ಹೋಗಿ ಕತ್ತು ತೊಳ್ಸು."

ವಕೀಲರ ಹೆಂಡತಿಯ ಕತ್ತನ್ನು ನಾನೇ ನಮ್ಮ ದನದ ತೊಟ್ಟಿಯ ನೀರಿನಲ್ಲಿ ತೊಳೆಸಿದೆ. ನನ್ನದೇ ಸೀರೆಯೊಂದನ್ನು ಉಟ್ಟು ಅವರು ಹುಳದ ಮನೆಯೊಳಗೆ ಬಂದರು. ಅತ್ತೆ ಒಂದು ಹುಳವನ್ನು ಎತ್ತಿ ಅವರ ಅಂಗೈ ಮೇಲೆ ಬಿಟ್ಟರು. ಹೆದರಿ ಕೈ ಕೊಡವುತ್ತಾರೆ ಅಂದುಕೊಂಡೆ, ಕೊಡವಲಿಲ್ಲ. ಮೈಯೆಲ್ಲ ತಿಳಿ ಹಳದಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತಿಳಿ. ಬಾಯಿಂದ ಆಗಲೇ ಒಂದು ಎಳೆ ಹೊರಟಿತ್ತು.

"ಹಣ್ಣಾಗಿದೆ ನೋಡು," ಎಂದರು ಅತ್ತೆ.

ಗಾಯತ್ರಿಯವರು ಹುಳವನ್ನು ನೋಡಿದರು, ನನ್ನನ್ನು ನೋಡಿದರು. "ಅಂದ್ರೆ... ಅವತ್ತು ನೀವು ಬರೆದಿದ್ದು... ಇದಾ?"

"ಇದೇ ಅಮ್ಮ."

"ಅಯ್ಯೋ ದೇವ್ರೇ! ಇಡೀ ಸಮಾಜಕ್ಕೆ ಹೇಳ್ಬಿಟ್ಟಿದ್ದೀನಲ್ರೀ!" ಎಂದವರು ನಗಲು ಶುರು ಮಾಡಿದರು, ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ಕಣ್ಣೀರು ಬಂತು. ಅಲುಗಾಡಬೇಡಿ, ಹುಳ ಬೀಳುತ್ತೆ ಎಂದು ಅತ್ತೆ ಇಬ್ಬರನ್ನೂ ಗದರಿದರು.

ಬಂದ ಚಂದ್ರಿಕೆ ಸಾಲಲಿಲ್ಲ. ಉಳಿದ ಹುಳವನ್ನು, ಬಾಟಲಿ ಕಟ್ಟಲು ನಾನು ಕೂಡಿಟ್ಟಿದ್ದ ರಾಗಿ ಹುಲ್ಲನ್ನು ಹರಡಿ ಅದಕ್ಕೆ ಬಿಟ್ಟೆವು. ಅತ್ತೆ ಹುಲ್ಲನ್ನೂ ಹಿಡಿಹಿಡಿಯಾಗಿ ಮೂಸಿದರು. ಗೂಡು ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಆದರೆ ಬೆಳೆ ಉಳಿಯಿತು.

ಗೂಡು ಬಿಡಿಸಿ ಹುಳದ ಮನೆ ತೊಳೆದ ದಿನ ಸುಪ್ರಿಯಾ ಮತ್ತೆ ನೋಟ್‌ಬುಕ್ ತಂದಳು. ಮಾಲೂರು ರಸ್ತೆಯ ಒಂದು ರೆಸಾರ್ಟಿನವರು ಲೆಕ್ಕವಿಲ್ಲದಷ್ಟು ಚಂದ್ರಿಕೆ ಕೇಳಿದ್ದರು, ಬಣ್ಣ ಬಳಿದದ್ದು. ಮೇದರಿಂದ ಹೊಸದು ನೇಯಿಸಿ ಕೊಡೋಣ, ನೀನೂ ಅರ್ಧ ಪಾಲುದಾರಳಾಗು ಎಂದಳು. ನಾನು ಯೋಚಿಸುತ್ತಾ ಕೂತೆ. ಲಾಭ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ, ಆಸೆಯಾಗಿತ್ತು.

ಅತ್ತೆ ಒಳಗಿನಿಂದ ಬಂದು ನನ್ನ ಮುಂದೆ ಸಾಸಿವೆಯ ಮೊರ ಇಟ್ಟರು.

"ಚಂದ್ರಿಕೆಗೆ ದುಡ್ಡು ಕೊಟ್ಟೋರು ಅದನ್ನ ವಾಪಸ್ ಯಾಕೆ ತರ್ತಾರೆ ಹೇಳು? ಉಪ್ಪಿನಕಾಯಿ ತಿಂದಿದ್ದಕ್ಕೆ ತಂದ್ರು. ಎದ್ದು ಕುಟ್ಟು. ಹುಳ ಇಲ್ಲ ಈಗ, ಜೋರಾಗೇ ಕುಟ್ಟು," ಎಂದರು. ಆಮೇಲೆ ದನಿ ತಗ್ಗಿಸಿ, "ನಂಗೂ ಒಂದು ಬಾಟ್ಲಿ ಎತ್ತಿಡು. ಪಂಪ್‌ಸೆಟ್ ಮನೇಲಿ ಬಚ್ಚಿಟ್ಕೊಂಡಿದ್ದು ಮುಗಿದೋಯ್ತು," ಎಂದರು.

ನಾನು ಎದ್ದು ಕುಟ್ಟಿದೆ.

ಚಂದ್ರಿಕೆಯ ವ್ಯಾಪಾರವನ್ನು ಸುಪ್ರಿಯಾ ಒಬ್ಬಳೇ ನಡೆಸುತ್ತಿದ್ದಾಳೆ. ಅದರಲ್ಲಿ ಅವಳು ಕಾರು ತೆಗೆದುಕೊಂಡಳು. ನಾನು ಇನ್ನೊಂದು ಜಾಡಿ ತೆಗೆದುಕೊಂಡೆ. ಅವಳ ಕಾರು ನಮ್ಮ ಮನೆ ಮುಂದೆ ನಿಂತಾಗ ಒಂದು ನಿಮಿಷ ಹೊಟ್ಟೆ ಉರಿಯುವುದುಂಟು, ಸುಳ್ಳು ಯಾಕೆ ಹೇಳಲಿ. ಆಮೇಲೆ ಫೋನು ನೋಡುತ್ತೇನೆ. ಗಾಯತ್ರಿಯವರ ಮಹಿಳಾ ಸಮಾಜದವರು ಈಗ ಉಪ್ಪಿನಕಾಯಿ ಕೇಳುವ ಮೊದಲು "ಶಾರದಮ್ಮ, ಎಷ್ಟನೇ ಜ್ವರ?" ಎಂದು ಕೇಳುತ್ತಾರೆ. ಮಾವಿನಕಾಯಿ ಕಾಲ ಮುಗಿದ ಮೇಲೂ ಬಿಡದೆ, ಬರೀ ಪುಡಿಯನ್ನಾದರೂ ಕಳಿಸಿ ಎಂದು ಪೀಡಿಸುತ್ತಾರೆ.

ಮೊನ್ನೆ ಕೊರಿಯರ್ ಅಂಗಡಿಯಲ್ಲಿ ಒಡೆದದ್ದು ಅದೇ ಪುಡಿಯ ಡಬ್ಬಿ. ಅರ್ಧ ಗಂಟೆ ಮುಂಚೆ ನಾನೇ ಕೊಟ್ಟು ಹೋಗಿದ್ದೆ, ರಸೀತಿ ಮರೆತು ವಾಪಸ್ ಬಂದು ಸಾಲಿನಲ್ಲಿ ನಿಂತಿದ್ದೆ.

"ಯಾರ್ದ್ರೀ ಇದು, ಯಾರಾದ್ರೂ ಹೇಳ್ರೀ!" ಎಂದು ಅಂಗಡಿಯವನು ಮತ್ತೆ ಕೂಗಿದ. ಮೇಷ್ಟ್ರು ನಾಲ್ಕನೇ ಸಲ ಸೀನಿದರು. ಪಕ್ಕದ ಜೆರಾಕ್ಸ್ ಅಂಗಡಿಯವನೂ ಸೀನಿದ. ನಾನು ಸುಮ್ಮನೆ ಹೊರಗೆ ಜಾರಿಕೊಳ್ಳೋಣವೆಂದು ಒಂದು ಹೆಜ್ಜೆ ಹಿಂದಿಟ್ಟೆ. ಆಗ ಜೆರಾಕ್ಸ್ ಅಂಗಡಿಯ ಆಚೆ ಇದ್ದ ಮೊಬೈಲ್ ರಿಪೇರಿ ಅಂಗಡಿಯಿಂದ, ಅಷ್ಟು ದೂರದಿಂದ, ಯಾರೋ ಗಟ್ಟಿಯಾಗಿ "ಆಕ್ಷೀ!" ಎಂದರು.

ಮೂರನೇ ಅಂಗಡಿ.

ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದೆ. "ನಂದೇ ಕಣಪ್ಪಾ," ಅಂದೆ. "ಯಲ್ದೂರು ವೆಂಕಟಮ್ಮನ ಉಪ್ಪಿನಕಾಯಿ ಪುಡಿ. ಹದ ಸರಿಯಾಗಿದೆ."